ಕಾರಿನ ಓಟದಾಗ ಜ್ಯೋತಿರ್ವರ್ಷ: ಲೆಕ್ಕ ಎಲ್ಲಿ ತಪ್ಪೇತಿ?

ಉಣಕಲ್_ದಂಡಿ:
ಎಂಟನೇ ಕ್ಲಾಸಿನ ಹುಡುಗ್ರಿಗೆ ಜ್ಯೋತಿರ್ವರ್ಷ (ಬೆಳಕು ಒಂದು ವರ್ಷದಾಗ ಹೋಗೂ ದೂರ) ಎಷ್ಟು ಅಂತ ಕಾರಿನ ಲೆಕ್ಕದಾಗ ಹೇಳಬೇಕಾಗೇತಿ. ಹುಬ್ಬಳ್ಳಿ–ಧಾರವಾಡ ಹೋಗಿ ಬರೂದು 40 ಕಿ.ಮೀ., ವರ್ಷಕ್ಕ 300 ದಿನ, ಅಂದ್ರ ವರ್ಷದ ಮೈಲೇಜ್ 12,000 ಕಿ.ಮೀ. ಈ ಓಟಕ್ಕ ಒಂದು ಜ್ಯೋತಿರ್ವರ್ಷ, ಅಂದ್ರ 9.46 ಟ್ರಿಲಿಯನ್ ಕಿ.ಮೀ., ಮುಗಿಸಾಕ 7,883 ವರ್ಷ ಅಂತ ಬರಾಕತ್ತೇತಿ. ಇಷ್ಟು ಕಮ್ಮಿ ಹೆಂಗ್ರಿ? ಓಡೋಮೀಟರಿನ (ಕಾರು ಓಡಿದ ಕಿ.ಮೀ. ತೋರಿಸೂ ಮೀಟರಿನ) 12,000 ಖರೇನಾ ಅದೂ ಹೇಳ್ರಿ.

ಸಪ್ತಾಪುರ_ಬಾವಿ:
ಟ್ರಿಲಿಯನ್ ಅನ್ನೂದನ್ನ ಕೋಟಿ ಅಂತ ಹಿಡಿದೀರಿ. 9.46 ಕೋಟಿಯನ್ನ 12,000ದಿಂದ ಭಾಗಿಸಿದ್ರ ಸರಿಯಾಗಿ 7,883 ಬರತೈತಿ. 1 ಬಿಲಿಯನ್ ಅಂದ್ರ 100 ಕೋಟಿ, 1 ಟ್ರಿಲಿಯನ್ ಅಂದ್ರ 1 ಲಕ್ಷ ಕೋಟಿ.

ಬೆಳಕು ಸೆಕೆಂಡಿಗೆ 2,99,792 ಕಿ.ಮೀ. ಹೋಗತೈತಿ. 365.25 ದಿನದ ವರ್ಷಕ್ಕ 3,15,57,600 ಸೆಕೆಂಡು. ಗುಣಿಸಿದ್ರ 9.46 ಲಕ್ಷ ಕೋಟಿ ಕಿ.ಮೀ. 8 ಅಂಕಿಯ ಕ್ಯಾಲ್ಕುಲೇಟರಿನಾಗ ಇದು ಹಿಡಿಸೂದಿಲ್ಲ, ಹಂಗಾಗಿ 9,46,000 ಕೋಟಿ ಅಂತ ಬರಕೊಂಡು 9,46,000ವನ್ನಷ್ಟ 12,000ದಿಂದ ಭಾಗಿಸ್ರಿ: 78.8. ಅಂದ್ರ 78.8 ಕೋಟಿ ವರ್ಷ. ಚಂದ್ರ 3,84,400 ಕಿ.ಮೀ., ನಿಮ್ಮ ಕಾರಿಗೆ 32 ವರ್ಷ. ಹುಡುಗ್ರ ತಲ್ಯಾಗ ಉಳಿಯೂದು ಈ 32.

ಗದಗ_ಗಾಳಿ:
ಕೋಟಿ ವರ್ಷ ಅಂದ್ರ ಯಾರ ತಲಿಗೂ ಹತ್ತೂದಿಲ್ಲ, ನಕ್ಷೆ ಮಾಡ್ರಿ. ಸೂರ್ಯ–ಭೂಮಿ ನಡುವಿನ 15 ಕೋಟಿ ಕಿ.ಮೀ.ಯನ್ನ 1 ಮೀಟರ್ ಅಂತ ಹಿಡೀರಿ. ಆಗ ಸೂರ್ಯ 9 ಮಿ.ಮೀ., ಒಂದು ದಪ್ಪ ಕಾಬೂಲಿ ಕಡಲಿಕಾಳು. ಅದನ್ನ ಹುಬ್ಬಳ್ಳಿಯಾಗ ಇಡ್ರಿ. ಭೂಮಿ ಕೂದಲೆಳಿಯಷ್ಟು ದಪ್ಪ, ಒಂದು ಮೀಟರ್ ಆಚೆ. ಚಂದ್ರ ಅದರಿಂದ ಎರಡೂವರಿ ಮಿ.ಮೀ. ಗುರು 5 ಮೀಟರ್, ನೆಪ್ಚೂನ್ 30 ಮೀಟರ್. 1977ರಾಗ ಬಿಟ್ಟ ಬಾಹ್ಯಾಕಾಶ ನೌಕೆ ವಾಯೇಜರ್ 1 ಈಗ 170 ಮೀಟರಿನ ಆಸುಪಾಸು, ಇನ್ನೂ ಓಣಿ ದಾಟಿಲ್ಲ.

ಒಂದು ಜ್ಯೋತಿರ್ವರ್ಷ 63 ಕಿ.ಮೀ.: ಗದಗ ದಾಟಿ, ಲಕ್ಕುಂಡಿ ಮುಟ್ಟೂಕಿಂತ ಮೊದಲ. ಸೂರ್ಯನ್ನ ಬಿಟ್ರ ಸಮೀಪದ ನಕ್ಷತ್ರ ಪ್ರಾಕ್ಸಿಮಾ 4.24 ಜ್ಯೋತಿರ್ವರ್ಷ, ಅಂದ್ರ 268 ಕಿ.ಮೀ. ಬೆಂಗಳೂರು ರಸ್ತಾ ಹಿಡಿದ್ರ ಹಿರಿಯೂರು–ಶಿರಾ ನಡುವ ಎಲ್ಲೋ. ಅಲ್ಲಿಗಂಟ ಬರೇ ಖಾಲಿ.

ರಾಣೆಬೆನ್ನೂರು_ಗ್ಯಾರೇಜು:
ಮೊದಲ ಒಂದು ಮಾತು. ವರ್ಷದ ಆ 12,000ವನ್ನ ‘ಮೈಲೇಜ್’ ಅನ್ನಬ್ಯಾಡ್ರಿ, ನಮ್ಮ ಕಡೆ ಮೈಲೇಜ್ ಅಂದ್ರ ಲೀಟರಿಗೆ ಎಷ್ಟು ಕೊಡತೈತಿ ಅಂತ. ‘ವರ್ಷದ ಓಟ’ ಅನ್ರಿ.

ಓಡೋಮೀಟರ್ ರಸ್ತಾ ಅಳೆಯೂದಿಲ್ಲ, ಗಾಲಿ ಎಷ್ಟು ಸುತ್ತು ತಿರುಗಿತು ಅಂತ ಎಣಸತೈತಿ. 165/80 ಆರ್14 ಅಳತಿಯ ಹೊಸ ಟೈರಿನ ವ್ಯಾಸ ಸುಮಾರು 620 ಮಿ.ಮೀ., ಸುತ್ತಳತಿ 1.95 ಮೀಟರ್, ಕಿ.ಮೀ.ಗೆ 514 ಸುತ್ತು. ಟೈರಿನ ಗುಬ್ಬಿ (ರಸ್ತಾಕ್ಕ ಹತ್ತೂ ರಬ್ಬರಿನ ಉಬ್ಬು) 8 ಮಿ.ಮೀ.ಯಿಂದ 1.6ಕ್ಕ ಸವದ್ರ ವ್ಯಾಸ ಸುಮಾರು 13 ಮಿ.ಮೀ. ಕಮ್ಮಿ, ಅಂದ್ರ ಶೇ. 2. ಗಾಲಿ ಹೆಚ್ಚು ತಿರುಗತೈತಿ, ಮೀಟರ್ 12,000 ತೋರಿಸಿದಾಗ ಖರೇ ಓಟ 11,760ರ ಹತ್ರ. ಕಂಪನಿ ಕೊಟ್ಟಿದ್ದಕ್ಕಿಂತ ದೊಡ್ಡ ಟೈರ್ ಹಾಕಿದ್ರ ಉಲ್ಟಾ.

ನೋಡಬೇಕಂದ್ರ ಹೈವೇದಾಗ ಟ್ರಿಪ್ ಮೀಟರ್ ಸೊನ್ನೆ ಮಾಡಿ ಕಿ.ಮೀ. ಕಲ್ಲಿನ ಪ್ರಕಾರ 20 ಕಿ.ಮೀ. ಓಡಿಸ್ರಿ. 20.4 ತೋರಿಸಿದ್ರ ಶೇ. 2 ಹೆಚ್ಚು. ಒಂದೆರಡ ಕಲ್ಲಿಗೆ ಅಳೀಬ್ಯಾಡ್ರಿ, ರಸ್ತಾ ಅಗಲ ಮಾಡಿದಲ್ಲಿ ಕಲ್ಲು ಜಾಗಾ ಬಿಟ್ಟಿರತಾವ.

ಉಣಕಲ್_ದಂಡಿ:
ಟ್ರಿಲಿಯನ್ನೇ ತಪ್ಪು, ಹೌದ್ರಿ. ನಕ್ಷೆ ಸಾಲಿ ಮೈದಾನದಾಗ ಹಿಡಿಸೂ ಹಂಗ ಸಣ್ಣದು ಮಾಡಾಕ ಬರತೈತೇನು?

ಗದಗ_ಗಾಳಿ:
ಮೀಟರ್ ಬದ್ಲಿ ಮಿ.ಮೀ. ಹಿಡೀರಿ. ಜ್ಯೋತಿರ್ವರ್ಷ 63 ಮೀಟರ್, ಪ್ರಾಕ್ಸಿಮಾ 268 ಮೀಟರ್. ಮೈದಾನ ಸಾಲದಿದ್ರ ಗೇಟಿನ ಹೊರಗ ಒಬ್ಬ ಹುಡುಗನ್ನ ನಿಲ್ಲಿಸ್ರಿ. ಆದ್ರ ಸೂರ್ಯ ಒಂದು ಮಿ.ಮೀ.ಯ ನೂರನೇ ಒಂದು ಪಾಲಿಗಿಂತ ಸಣ್ಣದಾಗಿ ಕಣ್ಣಿಗೇ ಬೀಳೂದಿಲ್ಲ. ನೋಟ್‌ಬುಕ್ಕಿನಾಗ ಪೆನ್ಸಿಲ್ ಚುಕ್ಕಿ ಇಟ್ಟು ಅದರ ಸುತ್ತ 3 ಸೆಂ.ಮೀ. ತ್ರಿಜ್ಯದ ವರ್ತುಲ ಹೊಡೀರಿ, ಅದು ನೆಪ್ಚೂನಿನ ದಾರಿ. ಆ ಹಾಳಿ ಹಿಡಕೊಂಡ ಹುಡುಗನಿಂದ ಅಳತಿ ಶುರು ಮಾಡ್ರಿ.