'ಆಪಾದಮಸ್ತಕ' ಪದಬಂಧ: ವಿಷಯ ಹಿಡಿಯುವುದು ಹೇಗೆ?

ಖಾಲಿಚೌಕ (ಪ್ರಶ್ನೆ):
ಪತ್ರಿಕೆಯ ವಿಶೇಷ ಪದಬಂಧವೊಂದನ್ನು ಮೂರು ದಿನಗಳಿಂದ ಬಿಡಿಸುತ್ತಿದ್ದೇನೆ. ಅದರ ಶೀರ್ಷಿಕೆ 'ಆಪಾದಮಸ್ತಕ'. ನಕ್ಷತ್ರ ಚಿಹ್ನೆಯಿರುವ ಐದು ಉತ್ತರಗಳನ್ನು ಒಂದೇ ವಿಷಯ ಬೆಸೆಯುತ್ತದೆ ಎಂದಷ್ಟೇ ಸೂಚನೆಯಿದೆ. ಮೇಲಿನಿಂದ ಕ್ರಮವಾಗಿ ಕಾಲುವೆ, ಹೊಟ್ಟೆಕಿಚ್ಚು, ಎದೆಗಾರಿಕೆ, ಕಿವಿಮಾತು ಎಂಬ ನಾಲ್ಕು ಸಿಕ್ಕಿವೆ. ಹೊಟ್ಟೆಕಿಚ್ಚು ಮತ್ತು ಎದೆಗಾರಿಕೆಗಳನ್ನು ನೋಡಿ ವಿಷಯವು ಮನಸ್ಸಿನ ಭಾವನೆಗಳೆಂದು ತಿಳಿದಿದ್ದೆ, ಆದರೆ ಕಾಲುವೆ ಅದಕ್ಕೆ ಹೊಂದುವುದಿಲ್ಲ. ಐದನೆಯದರ ಸುಳಿವು 'ಅಜ್ಜನದೊಂದು, ಮಗನದೊಂದು, ಮೊಮ್ಮಗನದೊಂದು'. ನಾಲ್ಕು ಮನೆಗಳು (ಚೌಕಗಳು), ಮೂರನೆಯದು 'ಮಾ'. ಅಲ್ಲಿ 'ಜೀವಮಾನ' ಎಂದು ಬರೆದಿದ್ದೇನೆ. ಅದರ ಕೊನೆಯ ಅಕ್ಷರದಲ್ಲಿ ಮುಗಿಯುವ, ಮೇಲಿನಿಂದ ಕೆಳಕ್ಕೆ ಮೂರು ಮನೆಗಳ ಪದಕ್ಕೆ 'ಮನೆ' ಎಂಬುದಷ್ಟೇ ಸುಳಿವು, ನಡುವಿನ ಅಕ್ಷರ 'ವ'. ಆದ್ದರಿಂದ 'ಭವನ' ಸರಿಹೊಂದಿತು. ಆದರೂ ಏನೋ ತಪ್ಪಿದೆ ಎನಿಸುತ್ತಿದೆ. ದಯವಿಟ್ಟು ಉತ್ತರವನ್ನು ನೇರವಾಗಿ ಹೇಳದೆ ದಾರಿ ತೋರಿಸಿ.

ಅಡ್ಡಸಾಲು:
ನೀವು ಉತ್ತರಗಳ ಅರ್ಥವನ್ನು ಹೋಲಿಸುತ್ತಿದ್ದೀರಿ, ಪದಗಳನ್ನು ನೋಡುತ್ತಿಲ್ಲ. ವಿಷಯಾಧಾರಿತ ಪದಬಂಧದಲ್ಲಿ ಕೆಲವೊಮ್ಮೆ ಉತ್ತರಗಳೆಲ್ಲ ಒಂದೇ ಜಾತಿಯ ವಸ್ತುಗಳಾಗಿರುತ್ತವೆ. ಆದರೆ ಅಂಥವು ಎರಡನೆಯ ಉತ್ತರಕ್ಕೇ ಬಯಲಾಗುವುದರಿಂದ, ಪಳಗಿದ ರಚನಕಾರರು ವಿಷಯವನ್ನು ಪದದ ಮೈಯೊಳಗೇ ಅಡಗಿಸುತ್ತಾರೆ. ನಾಲ್ಕೂ ಉತ್ತರಗಳ ಮೊದಲ ಎರಡು ಮನೆಗಳನ್ನು ಮಾತ್ರ ಬಿಟ್ಟು ಉಳಿದವನ್ನು ಬೆರಳಿನಿಂದ ಮುಚ್ಚಿ ಓದಿರಿ. ಆಮೇಲೆ ಶೀರ್ಷಿಕೆಗೆ ಹಿಂತಿರುಗಿ, ಅದು ಎಲ್ಲಿಂದ ಆರಂಭವಾಗಿ ಎಲ್ಲಿಗೆ ಮುಗಿಯುತ್ತದೆ ಎಂಬುದನ್ನು ಗಮನಿಸಿರಿ. 'ಮಾ' ಸರಿಯಾಗಿದೆ, ಅದನ್ನು ಅಳಿಸಬೇಡಿ.

ಒತ್ತಕ್ಷರ:
ಮೇಲಿನ ಸಲಹೆಗೆ ಒಂದು ಮಾತು ಸೇರಿಸುತ್ತೇನೆ. 'ಜೀವಮಾನ' ಮತ್ತು 'ಭವನ' ಒಂದಕ್ಕೊಂದು ಸಾಕ್ಷಿ ಹೇಳುತ್ತಿವೆ, ಎರಡಕ್ಕೂ ಬೇರೆ ಗಟ್ಟಿ ಆಧಾರವಿಲ್ಲ. ಒಂದು ತಪ್ಪಿದ್ದರೆ ಇನ್ನೊಂದೂ ತಪ್ಪು. ಕನ್ನಡ ಪದಬಂಧದಲ್ಲಿ ಇದು ಪದೇ ಪದೇ ಆಗುವುದಕ್ಕೆ ಕಾರಣವಿದೆ: ನಮ್ಮ ಒಂದು ಮನೆಯಲ್ಲಿ ಗುಣಿತವೂ ಒತ್ತೂ ಸೇರಿದ ಇಡೀ ಅಕ್ಷರ ಕೂರುತ್ತದೆ, 'ಕ' ಇರುವಲ್ಲಿ 'ಕಿ' ಸಲ್ಲುವುದಿಲ್ಲ. ಹಾಗಾಗಿ ಅಡ್ಡ ಮತ್ತು ಉದ್ದ ಪದಗಳು ಸಂಧಿಸುವ ಮನೆಗಳನ್ನು ಹೊಂದಿಸುವುದು ರಚನಕಾರರಿಗೆ ಕಷ್ಟ, ಒಂದೇ ಪದಕ್ಕೆ ಸೇರಿದ ಮನೆಗಳು ಹೆಚ್ಚಾಗಿ ಉಳಿಯುತ್ತವೆ. ಅಮೆರಿಕದ ಪತ್ರಿಕೆಗಳ ಇಂಗ್ಲಿಷ್ ಪದಬಂಧದಲ್ಲಿ ಸಾಮಾನ್ಯವಾಗಿ ಪ್ರತಿ ಮನೆಯೂ ಎರಡು ಪದಗಳಿಗೆ ಸೇರಿರುವುದರಿಂದ ತಪ್ಪು ಬೇಗ ಸಿಕ್ಕಿಬೀಳುತ್ತದೆ. ನಮಗೆ ಆ ಕಾವಲು ಕಡಿಮೆ. ವಿಷಯವೇ ಇನ್ನೊಂದು ಕಾವಲಾಗಬೇಕು. ಶಾಯಿಯಲ್ಲಿ ಬರೆಯುವ ಮುನ್ನ ನಕ್ಷತ್ರದ ಉತ್ತರ ವಿಷಯಕ್ಕೆ ಹೊಂದುತ್ತದೆಯೇ ಎಂದು ಪರೀಕ್ಷಿಸುವುದು ನನ್ನ ರೂಢಿ.

ಅಲ್ಲಿಯೂ ಎರಡು ಉತ್ತರಗಳಿಗೆ ಎಡೆಯಿದ್ದ ಪ್ರಸಿದ್ಧ ಪದಬಂಧವೊಂದಿದೆ, ಆದರೆ ಅದು ಬೇಕೆಂದೇ ಮಾಡಿದ್ದು. 1996ರ ನವೆಂಬರ್ 5ರಂದು, ಅಧ್ಯಕ್ಷೀಯ ಚುನಾವಣೆಯ ದಿನವೇ, ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಜೆರೆಮಯಾ ಫಾರೆಲ್ ರಚಿಸಿದ ಪದಬಂಧದಲ್ಲಿ ಮರುದಿನದ ಪತ್ರಿಕೆಯ ಮುಖ್ಯ ಸುದ್ದಿ ಏನೆಂದು ಕೇಳಲಾಗಿತ್ತು. ಅಲ್ಲಿನ ಏಳು ಮನೆಗಳಲ್ಲಿ ಅಭ್ಯರ್ಥಿಗಳ ಹೆಸರುಗಳಾದ ಕ್ಲಿಂಟನ್ ಎಂದು ಬರೆದರೂ ಬಾಬ್ ಡೋಲ್ ಎಂದು ಬರೆದರೂ ಇಂಗ್ಲಿಷ್ ಅಕ್ಷರಗಳು ಸರಿಹೊಂದುತ್ತಿದ್ದವು. ಏಕೆಂದರೆ ಅವನ್ನು ದಾಟುವ ಏಳು ಪದಗಳ ಸುಳಿವುಗಳಿಗೂ ಎರಡೆರಡು ಉತ್ತರಗಳಿದ್ದವು. ಹ್ಯಾಲೋವೀನ್‌ನ ಕಪ್ಪು ಪ್ರಾಣಿ ಯಾವುದೆಂಬ ಪ್ರಶ್ನೆಗೆ ಕ್ಲಿಂಟನ್‌ನ 'ಸಿ' ಇದ್ದರೆ ಬೆಕ್ಕು (ಕ್ಯಾಟ್), ಬಾಬ್‌ನ 'ಬಿ' ಇದ್ದರೆ ಬಾವಲಿ (ಬ್ಯಾಟ್). ನಿಮ್ಮ ರಚನಕಾರರು ಅಂಥ ಸಾಹಸಕ್ಕೆ ಹೋಗಿಲ್ಲವೆಂದೇ ನನ್ನ ಊಹೆ. 'ಮನೆ' ಎಂಬ ಸುಳಿವು ಮಾತ್ರ ತೀರ ಸೋಮಾರಿತನದ್ದು.

ಖಾಲಿಚೌಕ:
ಸಿಕ್ಕಿತು! ಕಾಲು, ಹೊಟ್ಟೆ, ಎದೆ, ಕಿವಿ. ಪಾದದಿಂದ ಮೇಲೇರುತ್ತ ಕೊನೆಗೆ ಮಸ್ತಕ. ದೇಹ ತಲೆಕೆಳಗಾಗಿ ನಿಂತಿರುವುದರಿಂದ ತಲೆಯನ್ನು ಕೆಳಗಡೆ ಹುಡುಕಬೇಕೆಂದು ನನಗೆ ಹೊಳೆದಿರಲಿಲ್ಲ. ಐದನೆಯದು 'ತಲೆಮಾರು'. 'ಭವನ' ಅಳಿಸಿ 'ತವರು' ಬರೆದೆ. ನಡುವಿನ 'ವ' ಅಲುಗಲೇ ಇಲ್ಲ. ಒಂದು ಸಂದೇಹ ಉಳಿದಿದೆ. 'ಕೈಗಾರಿಕೆ' ಎಂಬ ಸೊಗಸಾದ ಪದವಿರುವಾಗ ಕೈಯನ್ನು ಏಕೆ ಬಿಟ್ಟರು?

ಅಡ್ಡಸಾಲು:
ಎದೆಗಾರಿಕೆಯ ಬಾಲವನ್ನು ನೋಡಿರಿ. 'ಗಾರಿಕೆ' ಎರಡು ಬಾರಿ ಬಂದರೆ ಬಿಡಿಸುವವರಿಗೆ ಮೂರು ಮನೆಗಳು ಪುಕ್ಕಟೆಯಾಗಿ ಸಿಗುತ್ತವೆ. ಜೊತೆಗೆ ಕೈ ಒಂದೇ ಮನೆಯ ಪದವಾದ್ದರಿಂದ, ಮೊದಲ ಎರಡು ಮನೆಗಳಲ್ಲಿ ಅಂಗ ಎಂಬ ನಿಯಮವೂ ಮುರಿಯುತ್ತಿತ್ತು.