ಸ್ಕೀ ವಿಶ್ವಕಪ್‌ನಲ್ಲಿ ಚಾಂಪಿಯನ್ ಯಾರು ಅಂತ ಹೇಗೆ ನಿರ್ಧಾರ ಮಾಡುತ್ತಾರೆ?

ಪ್ರಶ್ನೆ:
ಹಿಮದ ಇಳಿಜಾರಿನಲ್ಲಿ ಸ್ಕೀ ಹಾಕಿಕೊಂಡು ಇಳಿಯುವ ಈ ಆಲ್ಪೈನ್ ಸ್ಕೀ ವಿಶ್ವಕಪ್ ಒಂದು ವಾರ ಆಸ್ಟ್ರಿಯಾದಲ್ಲಿ, ಇನ್ನೊಂದು ವಾರ ಸ್ವಿಟ್ಜರ್ಲೆಂಡ್‌ನಲ್ಲಿ ನಡೆಯುತ್ತದೆ. ಕೊನೆಗೆ ಕಪ್ ಯಾರಿಗೆ? ಮತ್ತೆ ಸ್ಲಾಲಂನ (ಕಂಬಗಳ ನಡುವೆ ತಿರುಗುತ್ತಾ ಇಳಿಯುವ ರೇಸ್) ಎರಡನೇ ಸುತ್ತಿನಲ್ಲಿ ಹಿಂದೆ ಬಿದ್ದವರನ್ನೇ ಮೊದಲು ಬಿಡುತ್ತಾರಲ್ಲ, ಇದೇನು ನ್ಯಾಯ?

ಉತ್ತರ 1:
ಎಲ್ಲಾ ಪಾಯಿಂಟ್ಸ್ ಲೆಕ್ಕ. ಪ್ರತಿ ರೇಸ್ ಗೆದ್ದವರಿಗೆ 100, ಎರಡನೆಯವರಿಗೆ 80, ಮೂರನೆಯವರಿಗೆ 60, ಹೀಗೆ ಇಳಿದು 30ನೆಯವರಿಗೆ 1. ಅಕ್ಟೋಬರ್ ಕೊನೆಗೆ ಆಸ್ಟ್ರಿಯಾದ ಸೋಲ್ಡನ್‌ನಲ್ಲಿ ಶುರುವಾಗಿ ಮಾರ್ಚ್‌ವರೆಗೆ ಕೂಡಿಸುತ್ತಾ ಹೋಗುತ್ತಾರೆ. ಜಾಸ್ತಿ ಇದ್ದವರಿಗೆ ದೊಡ್ಡ ಗಾಜಿನ ಗೋಳ, ಅದೇ ಕಪ್. ಡೌನ್‌ಹಿಲ್, ಸೂಪರ್ ಜಿ (ಇವೆರಡೂ ವೇಗದ ರೇಸ್), ಜೈಂಟ್ ಸ್ಲಾಲಂ, ಸ್ಲಾಲಂ (ಇವೆರಡೂ ತಿರುವಿನ ರೇಸ್) ಇವಕ್ಕೆ ಬೇರೆ ಬೇರೆ ಚಿಕ್ಕ ಗೋಳ. 1967ರಿಂದ ನಡೆಯುತ್ತಿದೆ. ಆಸ್ಟ್ರಿಯಾದ ಮಾರ್ಸೆಲ್ ಹಿರ್ಷರ್ ಸತತ 8 ವರ್ಷ ದೊಡ್ಡದನ್ನೇ ಹೊತ್ತುಕೊಂಡು ಹೋದರು, ಬೇರೆಯವರ ಪಾಡು ಕೇಳಬೇಡಿ!

ಉತ್ತರ 2:
ಸ್ಲಾಲಂ ವಿಷಯ ಹೇಳುತ್ತೇನೆ. ಮೊದಲ ಸುತ್ತಿನಲ್ಲಿ ಮುಂದಿದ್ದ 30 ಜನರಿಗೆ ಮಾತ್ರ ಎರಡನೇ ಸುತ್ತು, 30ನೆಯವರು ಮೊದಲು, ಮುಂದಿದ್ದವರು ಕೊನೆಗೆ. ಒಬ್ಬೊಬ್ಬರು ಇಳಿದ ಹಾಗೆಲ್ಲ ಕಂಬದ ಪಕ್ಕ ಹಿಮ ಕಿತ್ತು ಗುಂಡಿ ಬೀಳುತ್ತದೆ, ಅದರ ಮೇಲೆ ಕೊನೆಯವರು ತಿರುಗಬೇಕು. ಅಲ್ಲೂ ಗೆದ್ದರೆ ನಿಜವಾದ ಗೆಲುವು ಅಲ್ವಾ? ಅಮೆರಿಕದ ಮಿಕೇಲಾ ಶಿಫ್ರಿನ್ 2025ರ ಫೆಬ್ರವರಿಯಲ್ಲಿ ಇಟಲಿಯ ಸೆಸ್ಟ್ರಿಯರ್‌ನಲ್ಲಿ 100ನೇ ವಿಶ್ವಕಪ್ ಗೆಲುವು ಕಂಡಿದ್ದೂ ಸ್ಲಾಲಂನಲ್ಲೇ.

ಉತ್ತರ 3:
ಸ್ಲಾಲಂ ಚೆನ್ನಾಗಿದೆ, ಆದರೆ ಸುಮ್ನೆ ಒಂದೇ ರೇಸ್ ನೋಡುತ್ತೀರಾದರೆ ಜನವರಿಯಲ್ಲಿ ಆಸ್ಟ್ರಿಯಾದ ಕಿಟ್ಸ್‌ಬ್ಯೂಲ್ ಡೌನ್‌ಹಿಲ್ ನೋಡಿ. ಹೊರಟ ಕೆಲವೇ ಸೆಕೆಂಡಿಗೆ ಮೌಸೆಫಾಲೆ ಅನ್ನೋ ಕಡಿದಾದ ಇಳಿಜಾರು, ಗಾಳಿಯಲ್ಲಿ ಹಾರಿಯೇ ಬೀಳಬೇಕು. 1997ರಲ್ಲಿ ಆಸ್ಟ್ರಿಯಾದ ಫ್ರಿಟ್ಸ್ ಸ್ಟ್ರೋಬ್ಲ್ ಆ 3.3 ಕಿ.ಮೀ. ಹಾದಿಯನ್ನು 1 ನಿಮಿಷ 51.58 ಸೆಕೆಂಡಿನಲ್ಲಿ ಇಳಿದಿದ್ದರು.

ಪ್ರಶ್ನೆ ಕೇಳಿದವರು:
ಥ್ಯಾಂಕ್ಸ್. ಹಾಗಾದರೆ ಒಂದೂ ರೇಸ್ ಗೆಲ್ಲದೆ ಗೋಳ ಸಿಗಬಹುದಾ?

ಉತ್ತರ 1:
ಲೆಕ್ಕದ ಪ್ರಕಾರ ಆಗಬಹುದು. ಪ್ರತಿ ಸಲ ಎರಡನೇ ಸ್ಥಾನ ಬಂದರೂ 80 ಸಿಗುತ್ತದಲ್ಲ.