ಕಸವನಹಳ್ಳಿಯಲ್ಲಿ 2 ಬಿಎಚ್‌ಕೆ, ಒಂದೇ ತಿಂಗಳ ಅಡ್ವಾನ್ಸ್, ಬ್ರೋಕರ್ ಇಲ್ಲ. ನಂಬಬಹುದಾ?

ಮಲಪ್ರಭಾ:
ಮುಂದಿನ ತಿಂಗಳು ಹುಬ್ಬಳ್ಳಿಯಿಂದ ಬೆಂಗಳೂರಿಗೆ ಬರಬೇಕು. ಕಸವನಹಳ್ಳಿಯ ಒಂದು ಸೊಸೈಟಿಯಲ್ಲಿ 2 ಬಿಎಚ್‌ಕೆ ಸಿಕ್ಕಿದೆ, ಬಾಡಿಗೆ 26,000. ಅದೇ ಸೊಸೈಟಿಯಲ್ಲಿ ಉಳಿದ ಮನೆಗಳಿಗೆ 36ರಿಂದ 40 ಸಾವಿರ ಹೇಳ್ತಿದ್ದಾರೆ. ಓನರ್ ದುಬೈಯಲ್ಲಿದ್ದಾರಂತೆ. ಅವರ ಭಾವಮೈದುನ ಅಂತ ಒಬ್ಬರು ಕೀಲಿ ತಂದು ಮನೆ ತೋರಿಸಿದರು. ಏನು ತಿಂತೀರಿ, ಯಾವ ಜನ, ಮದುವೆ ಆಗಿದೆಯಾ ಅನ್ನೋ ಒಂದು ಪ್ರಶ್ನೆಯೂ ಬರಲಿಲ್ಲ. ಅಡ್ವಾನ್ಸ್ ಒಂದೇ ತಿಂಗಳದ್ದು, 11 ತಿಂಗಳ ಬಾಡಿಗೆ ಒಟ್ಟಿಗೆ ಕೊಟ್ಟರೆ ತಿಂಗಳಿಗೆ 2,000 ಕಡಿಮೆ. ಇವತ್ತೇ 20,000 ಟೋಕನ್ ಹಾಕಿ ಅಂತಿದ್ದಾರೆ. ಏನೇನು ನೋಡಬೇಕು?

ಕಡತ:
ಮೊದಲು ಟೋಕನ್ ನಿಲ್ಲಿಸಿ. ಮಿಲಿಟರಿಯವರು ಅಂತ ಹೇಳಿ ಐಡಿ ಕಾರ್ಡ್ ಫೋಟೊ ಕಳಿಸಿ, 'ಗೇಟ್ ಪಾಸ್‌ಗೆ ದುಡ್ಡು ಹಾಕಿ, ವಾಪಸ್ ಬರುತ್ತೆ' ಅನ್ನೋರು ಮನೆಯನ್ನೇ ತೋರಿಸಲ್ಲ. ನಿಮ್ಮದು ಆ ಥರದ್ದಲ್ಲ. ಆದರೆ ಮನೆ ನೋಡಿದ್ದು ಮನೆ ಇದೆ ಅನ್ನೋದಕ್ಕೆ ಮಾತ್ರ ಸಾಕ್ಷಿ. ಈಗಿನ ಬಾಡಿಗೆದಾರನೇ ಓನರ್ ಕಡೆಯವನಂತೆ ನಟಿಸಿ, ಅದೇ ಕೀಲಿಯಲ್ಲಿ ನಾಲ್ಕು ಜನರಿಗೆ ತೋರಿಸಿ, ನಾಲ್ವರಿಂದಲೂ ದುಡ್ಡು ತಗೊಂಡು ಹೋಗೋದುಂಟು. 11 ತಿಂಗಳದ್ದು ಒಟ್ಟಿಗೆ ಕೊಡಿ ಅನ್ನೋ ಮಾತು ಅದಕ್ಕೆ ಸರಿಯಾಗಿ ಹೊಂದುತ್ತೆ.

ಹೆಸರು ಹೊಂದಿಸಿ ನೋಡಿ. ಈ ವರ್ಷದ ಆಸ್ತಿ ತೆರಿಗೆ ರಸೀದಿ, ಇ-ಖಾತಾ (ಆಸ್ತಿ ಯಾರ ಹೆಸರಲ್ಲಿದೆ ಅನ್ನೋ ಪಾಲಿಕೆಯ ದಾಖಲೆ) ಎರಡನ್ನೂ ಕೇಳಿ. ಬೆಸ್ಕಾಂ ಕರೆಂಟ್ ಬಿಲ್ ಕೇಳಿದರೂ ಅದನ್ನೇ ನಂಬಬೇಡಿ. ಮಾರಾಟವಾಗಿ ವರ್ಷಗಳಾದರೂ ಆರ್‌ಆರ್ ನಂಬರ್ (ಕರೆಂಟ್ ಸಂಪರ್ಕದ ನಂಬರ್) ಬಿಲ್ಡರ್ ಹೆಸರಲ್ಲೇ ಇರುವ ಫ್ಲ್ಯಾಟ್‌ಗಳು ಬೇಕಾದಷ್ಟಿವೆ. ಕ್ರಯಪತ್ರದ ಮೊದಲ ಪುಟ ಕೊಟ್ಟರೆ ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ನೀವೇ ಇ.ಸಿ. (ಋಣಭಾರ ಪ್ರಮಾಣಪತ್ರ) ತೆಗೆಸಬಹುದು. ಕೊನೆಯ ಕ್ರಯ ಯಾರ ಹೆಸರಿಗಾಗಿದೆ ಅಂತ ಅದರಲ್ಲಿ ಕಾಣುತ್ತೆ. ಬ್ಯಾಂಕ್ ಅಡಮಾನ ಕಂಡರೆ ಗಾಬರಿ ಬೇಡ, ಗೃಹಸಾಲ ಇಲ್ಲದ ಫ್ಲ್ಯಾಟ್ ಸಿಗೋದೇ ಕಷ್ಟ. ಒಂದು ತಿಂಗಳ ಅಡ್ವಾನ್ಸ್‌ನ ಬಾಡಿಗೆಗೆ ಅದು ದೊಡ್ಡ ವಿಷಯವಲ್ಲ. ಇದೇ ಮನೆಯನ್ನು 20 ಲಕ್ಷಕ್ಕೆ ಭೋಗ್ಯಕ್ಕೆ ಹಾಕಿಕೊಳ್ಳೋದಾದರೆ ಮಾತ್ರ ಅದೇ ಮೊದಲ ವಿಷಯ: ಸಾಲ ಕಟ್ಟದಿದ್ದರೆ ಬ್ಯಾಂಕ್ ಮನೆ ವಶಕ್ಕೆ ತಗೊಳ್ಳುತ್ತೆ, ನಿಮ್ಮ ದುಡ್ಡಿಗೆ ಓನರ್ ಹಿಂದೆ ಅಲೆಯಬೇಕು.

ಕಾಗದಕ್ಕಿಂತ ಬೇಗ ಆಗೋ ಕೆಲಸ ಅಸೋಸಿಯೇಷನ್ ಆಫೀಸಿನದು. ಗೇಟ್ ಸೆಕ್ಯುರಿಟಿಯನ್ನಲ್ಲ, ಮ್ಯಾನೇಜರ್‌ನ ಕೇಳಿ. 'ಓನರ್ ಯಾರು' ಅಂದರೆ ಹೇಳಲಿಕ್ಕಿಲ್ಲ. ಹೆಸರು ನೀವೇ ಹೇಳಿ ಹೌದಾ ಅಲ್ಲವಾ ಅಂತ ಕೇಳಿ. ಹೊಸ ಬಾಡಿಗೆದಾರರು ಬರೋ ಮುಂಚೆ, ನೋಂದಾಯಿತ ಇಮೇಲ್‌ನಿಂದ ಓನರ್ ಒಪ್ಪಿಗೆ ಕಳಿಸಬೇಕು ಅನ್ನೋ ನಿಯಮ ಎಷ್ಟೋ ಸೊಸೈಟಿಗಳಲ್ಲಿದೆ. ಟೋಕನ್‌ಗೆ ಮುಂಚೆ ಆ ಮೇಲ್ ಬರಲಿ ಅನ್ನಿ. ನಿಜವಾದ ಓನರ್‌ಗೆ ಐದು ನಿಮಿಷದ ಕೆಲಸ, ಸುಳ್ಳು ಓನರ್ ಕೈಲಿ ಆಗೋದೇ ಇಲ್ಲ.

ನೀರಿನ ಲೆಕ್ಕ:
ಅಗ್ಗ ಅಂದ ತಕ್ಷಣ ಮೋಸ ಅಂತಲ್ಲ. ಮೂರು ತಿಂಗಳು ಖಾಲಿ ಬಿದ್ದ ಮನೆಗೆ ಓನರ್ ಮೇಂಟೆನೆನ್ಸ್ ಕೈಯಿಂದ ಕಟ್ಟುತ್ತಿರುತ್ತಾರೆ, ಬೇಗ ಕೊಟ್ಟರೆ ಸಾಕು ಅನ್ನಿಸುತ್ತೆ. ಆದರೆ ಹತ್ತು ಸಾವಿರ ಕಡಿಮೆ ಅಂದರೆ ಏನೋ ಕಾರಣ ಇದ್ದೇ ಇರುತ್ತೆ. 26,000ದಲ್ಲಿ ಮೇಂಟೆನೆನ್ಸ್ ಸೇರಿದೆಯಾ? ಟ್ಯಾಂಕರ್ ನೀರಿನ ಖರ್ಚು ಬೇರೆಯಾ? ಏಪ್ರಿಲ್, ಮೇ ತಿಂಗಳ ಬಿಲ್ ತೋರಿಸಿ ಅನ್ನಿ, ಮಳೆಗಾಲದ ಬಿಲ್ ಏನೂ ಹೇಳಲ್ಲ. ಕಾವೇರಿ ನೀರಿನ ಪೈಪ್ ಹಾಕಿದ್ದರೂ ಸೊಸೈಟಿ ಸಂಪರ್ಕ ತಗೊಂಡಿದೆಯಾ ಅನ್ನೋದು ಬೇರೆ ಪ್ರಶ್ನೆ. ನೆಲಮಹಡಿಯಾದರೆ ಗೋಡೆಯ ಬುಡದಲ್ಲಿ ಬಣ್ಣ ಉಬ್ಬಿದೆಯಾ, ಬೇಸ್‌ಮೆಂಟಿನ ಕಂಬಗಳ ಮೇಲೆ ನೀರು ನಿಂತ ಗೆರೆ ಇದೆಯಾ ನೋಡಿ. ಸಂಜೆ ಒಮ್ಮೆ ಹೋಗಿ ನಲ್ಲಿ ತಿರುಗಿಸಿ.

ಎನ್‌ಆರ್‌ಒ:
ದುಡ್ಡಿನ ಕಡೆ ಹೇಳ್ತೀನಿ. ಓನರ್ ನಿಜಕ್ಕೂ ಅನಿವಾಸಿಯಾದರೆ ಬಾಡಿಗೆ ಸಾಮಾನ್ಯವಾಗಿ ಅವರ ಎನ್‌ಆರ್‌ಒ ಖಾತೆಗೆ, ಅಂದರೆ ಅನಿವಾಸಿಗಳು ಇಲ್ಲಿನ ಆದಾಯಕ್ಕೆ ಇಡೋ ಬ್ಯಾಂಕ್ ಖಾತೆಗೆ, ಹೋಗಬೇಕು. ಇಲ್ಲಿ ಇರೋ ಓನರ್‌ಗಾದರೆ ತಿಂಗಳ ಬಾಡಿಗೆ 50,000 ದಾಟಿದರೆ ಮಾತ್ರ ಟಿಡಿಎಸ್ (ಬಾಡಿಗೆಯಲ್ಲೇ ಮುರಿದು ಕಟ್ಟೋ ಆದಾಯ ತೆರಿಗೆ), ಶೇ 2. ಅನಿವಾಸಿಗೆ ಆ ಮಿತಿ ಇಲ್ಲ: ಸಾಮಾನ್ಯವಾಗಿ ಶೇ 30, ಅದರ ಮೇಲೆ ಸೆಸ್, ಒಟ್ಟು 31.2. ಕತ್ತರಿಸಿ ಕಟ್ಟೋ ಹೊಣೆ ಬಾಡಿಗೆದಾರರದು, ಅದಕ್ಕೆ ಟ್ಯಾನ್ (ತೆರಿಗೆ ಕತ್ತರಿಸೋರಿಗೆ ಇಲಾಖೆ ಕೊಡೋ) ನಂಬರ್ ಮಾಡಿಸಬೇಕು. ಈ ರಗಳೆ ಬೇಡ ಅಂತಲೇ ಎಷ್ಟೋ ಜನ ನೆಂಟರ ಖಾತೆಗೆ ಹಾಕಿಸ್ತಾರೆ. ಅದು ಮೋಸವೇ ಆಗಬೇಕಿಲ್ಲ, ಆದರೆ ನೋಟಿಸ್ ಬಂದರೆ ಬರೋದು ನಿಮಗೆ.

ಯುಪಿಐಗಿಂತ ನೆಫ್ಟ್ (ಬ್ಯಾಂಕ್ ಖಾತೆಯಿಂದ ಖಾತೆಗೆ ವರ್ಗಾವಣೆ) ವಾಸಿ. 2025ರ ಏಪ್ರಿಲ್‌ನಿಂದ ನೆಫ್ಟ್, ಆರ್‌ಟಿಜಿಎಸ್‌ನಲ್ಲೂ ಕಳಿಸೋ ಮುಂಚೆ ಖಾತೆದಾರರ ಹೆಸರು ನೋಡಬಹುದು. ಆ ಹೆಸರು ತೆರಿಗೆ ರಸೀದಿಯ ಹೆಸರಾಗಿರಬೇಕು. ಅಡ್ವಾನ್ಸ್ ಕೊಡೋದು, ಕರಾರುಪತ್ರಕ್ಕೆ ಸಹಿ ಬಿದ್ದು ಕೀಲಿ ಕೈಗೆ ಬಂದ ದಿನ. 11 ತಿಂಗಳದ್ದು ಒಟ್ಟಿಗೆ ಬೇಡವೇ ಬೇಡ: ಉಳಿಯೋದು 22,000, ಪಣಕ್ಕಿಡೋದು 2,64,000.

ಮಲಪ್ರಭಾ:
ಉಪಕಾರ ಆಯ್ತು ರೀ. ತೆರಿಗೆ ರಸೀದಿ ಬಂತು, ಅದು ಓನರ್ ಹೆಂಡತಿ ಹೆಸರಲ್ಲಿದೆ. ದುಡ್ಡು ಹಾಕಬೇಕಾದ ಬ್ಯಾಂಕ್ ಖಾತೆ ಭಾವಮೈದುನನದು. ಕರಾರಿಗೂ ಅವರೇ ಸಹಿ ಹಾಕ್ತಾರಂತೆ, ಜಿಪಿಎ (ಓನರ್ ಪರವಾಗಿ ವ್ಯವಹರಿಸೋ ಅಧಿಕಾರಪತ್ರ) ಇದೆ ಅಂತಾರೆ.

ಕಡತ:
ಹಾಗಾದರೆ ಓನರ್ ಆಕೆ, ಗಂಡನಲ್ಲ. ಜಿಪಿಎಯ ಪೂರ್ತಿ ಪ್ರತಿ ತರಿಸಿ. ದುಬೈಯಲ್ಲಿ ಬರೆದದ್ದಾದರೆ ಅಲ್ಲಿನ ಭಾರತೀಯ ದೂತಾವಾಸದ ದೃಢೀಕರಣ ಇರಬೇಕು, ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿರಬೇಕು. ಬಾಡಿಗೆಗೆ ಕೊಡುವ ಅಧಿಕಾರ, ಹಣ ಪಡೆಯುವ ಅಧಿಕಾರ ಎರಡೂ ಬರೆದಿದೆಯಾ ಓದಿ. ಬರೀ ಕೇಸು ನಡೆಸೋಕೆ ಕೊಟ್ಟ ಜಿಪಿಎ ತೋರಿಸಿ ಬಾಡಿಗೆ ವಸೂಲಿ ಮಾಡೋರೂ ಇದ್ದಾರೆ. ಕರಾರಿನಲ್ಲಿ ಮಾಲೀಕರ ಜಾಗದಲ್ಲಿ ಆಕೆಯ ಹೆಸರು, 'ಅವರ ಪರವಾಗಿ' ಅಂತ ಈತನ ಸಹಿ. ಇ-ಸ್ಟ್ಯಾಂಪ್‌ನಲ್ಲೂ ಆಕೆಯ ಹೆಸರೇ ಬರಬೇಕು.

ಆಕೆ ಜೊತೆ ಒಂದು ವಿಡಿಯೊ ಕಾಲ್ ಮಾಡಿ. ಮುಖ ನೋಡೋದಕ್ಕಲ್ಲ, ಅಸೋಸಿಯೇಷನ್‌ಗೆ ಆಕೆಯ ಮೇಲ್‌ನಿಂದ ಒಪ್ಪಿಗೆ ಕಳಿಸಿ ಅಂತ ನೇರವಾಗಿ ಕೇಳೋದಕ್ಕೆ. ಅದು ಬಂದು, ಮ್ಯಾನೇಜರ್ ಹೌದು ಅಂದರೆ ತಗೊಳ್ಳಿ, ಒಳ್ಳೆ ಬಾಡಿಗೆ. ನೆಟ್‌ವರ್ಕ್ ಇಲ್ಲ, ಪ್ರಯಾಣದಲ್ಲಿದ್ದಾರೆ, ಬೇರೆಯವರು ಟೋಕನ್ ಹಾಕೋಕೆ ಕಾದಿದ್ದಾರೆ ಅಂತ ಶುರುವಾದರೆ ಅಲ್ಲಿಗೆ ಬಿಡಿ. ದುಡ್ಡು ಈಗಾಗಲೇ ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಯುಟಿಆರ್ (ಹಣ ವರ್ಗಾವಣೆಯ ಗುರುತಿನ) ನಂಬರ್ ಕೈಯಲ್ಲಿ ಇಟ್ಟುಕೊಂಡಿರಿ.